ಸಂತ ಪೌಲರ ಮೊಕದ್ದಮೆಯನ್ನು ತಳ್ಳಿಹಾಕಿದ ಗಲ್ಲಿಯೋ

ಪಾಸ್ಖ ಕಾಲದ ಆರನೆಯ ವಾರದ ಶುಕ್ರವಾರ ಬಲಿಪೂಜೆಯ ಮೊದಲ ವಾಚನದಲ್ಲಿ ಗಲ್ಲಿಯೋ ಎಂಬ ಹೆಸರನ್ನು ನಾವು ಕೇಳುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳು 18ನೇ ಅಧ್ಯಾಯದಲ್ಲಿ ಕೆಲವೇ ಸಾಲುಗಳಲ್ಲಿ ಬಂದು ಮರೆಯಾಗುವ ಈ ರೋಮನ್ ಅಧಿಕಾರಿ ಯಾರು?

ಈತ ಹುಟ್ಟಿದ್ದು ಸ್ಪೇನಿನ ಕೊರ್ದೊಬಾದ ಶ್ರೀಮಂತ ಮನೆತನದಲ್ಲಿ. ಮೊದಲ ಹೆಸರು ನೊವಾಟಸ್. ತಂದೆ ಹಿರಿಯ ಸೆನೆಕಾ ವಾಕ್ಚಾತುರ್ಯದ ಬಗ್ಗೆ ಗ್ರಂಥ ಬರೆದವರು, ತಾಯಿ ಹೆಲ್ವಿಯಾ. ಮೂವರು ಗಂಡುಮಕ್ಕಳಲ್ಲಿ ಇವನೇ ಹಿರಿಯ. ಎರಡನೆಯವನು ತತ್ವಜ್ಞಾನಿ ಸೆನೆಕಾ, ಕಿರಿಯವನು ಮೆಲಾ. ತಂದೆಯ ಸ್ನೇಹಿತ ಯೂನಿಯಸ್ ಗಲ್ಲಿಯೋ ದತ್ತು ತೆಗೆದುಕೊಂಡದ್ದರಿಂದ ಹೆಸರು ಬದಲಾಯಿತು.

ಕ್ರಿ.ಶ. 41ರಲ್ಲಿ ಚಕ್ರವರ್ತಿ ಕ್ಲೌದಿಯನು ತಮ್ಮ ಸೆನೆಕಾನನ್ನು ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದ. 49ರಲ್ಲಿ ಆತನನ್ನು ಹಿಂದಕ್ಕೆ ಕರೆಸಿ, ಬಾಲಕ ನೀರೋನಿಗೆ ಗುರುವಾಗಿ ನೇಮಿಸಲಾಯಿತು. ಎರಡು ವರ್ಷಗಳೊಳಗೆ ಅಣ್ಣ ಅಖಾಯ ಪ್ರಾಂತ್ಯದ ರಾಜ್ಯಪಾಲನಾದ. ತಮ್ಮನ ಪ್ರಭಾವ ಕೆಲಸ ಮಾಡಿರಬೇಕೆಂದು ನಮಗನ್ನಿಸುತ್ತದೆ.

ಕೊರಿಂಥದಲ್ಲಿ ಕೆಲವು ಯೆಹೂದ್ಯರು ಸಂತ ಪೌಲರನ್ನು ಅವನ ನ್ಯಾಯಪೀಠದ ಮುಂದೆ ಎಳೆದು ತಂದರು. ಪೌಲರು ಬಾಯಿ ತೆರೆಯುವ ಮುನ್ನವೇ ಗಲ್ಲಿಯೋ ಮೊಕದ್ದಮೆಯನ್ನು ತಳ್ಳಿಹಾಕಿದ. ಇದು ಅಪರಾಧವಲ್ಲ, ಅವರವರ ಧರ್ಮಶಾಸ್ತ್ರದ ವಾದ, ನೀವೇ ನೋಡಿಕೊಳ್ಳಿ ಎಂಬುದು ಅವನ ನಿಲುವು. ಪೌಲರು ಬಂಧನವಿಲ್ಲದೆ ಇನ್ನೂ ಬಹುದಿನ ಅಲ್ಲಿ ಉಳಿಯುವಂತಾಯಿತು. ಆದರೆ ಅದೇ ಪೀಠದ ಎದುರಿನಲ್ಲಿ ಪ್ರಾರ್ಥನಾಮಂದಿರದ ಅಧ್ಯಕ್ಷ ಸೊಸ್ಥೆನನಿಗೆ ಹೊಡೆತ ಬಿದ್ದಾಗ ರಾಜ್ಯಪಾಲ ಕಣ್ಣೆತ್ತಿಯೂ ನೋಡಲಿಲ್ಲ. ಒಬ್ಬರನ್ನು ಉಳಿಸಿದ ಉದಾಸೀನವೇ ಇನ್ನೊಬ್ಬರನ್ನು ಕೈಬಿಟ್ಟಿತು. ಆದ್ದರಿಂದ ಅವನನ್ನು ಧರ್ಮಸಭೆಯ ಮಿತ್ರನೆಂದು ಹೊಗಳಲು ನಾವು ಹಿಂಜರಿಯುತ್ತೇವೆ.

ಆದರೂ ಅವನಿಂದ ನಮಗೆ ದೊಡ್ಡ ಉಪಕಾರವಾಗಿದೆ. ಸಂತ ಪೌಲರ ಪತ್ರಗಳಲ್ಲಿ ಎಲ್ಲಿಯೂ ಇಸವಿ ಇಲ್ಲ. ಗ್ರೀಸಿನ ಡೆಲ್ಫಿಯಲ್ಲಿ ದೊರೆತ ಕಲ್ಲಿನ ಶಾಸನದ ತುಣುಕುಗಳಲ್ಲಿ ಕ್ಲೌದಿಯನ ಪತ್ರವಿದ್ದು, ಅದರಲ್ಲಿ ಗಲ್ಲಿಯೋನ ಹೆಸರಿದೆ. ಚಕ್ರವರ್ತಿಯ ಬಿರುದುಗಳ ಲೆಕ್ಕದಿಂದ ಅದು ಕ್ರಿ.ಶ. 52ರದ್ದೆಂದು ತಿಳಿಯುತ್ತದೆ. ರಾಜ್ಯಪಾಲರ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಹೀಗಾಗಿ ಪೌಲರ ವಿಚಾರಣೆ 51 ಅಥವಾ 52ರಲ್ಲಿ ನಡೆಯಿತೆಂದು ಹೇಳಬಹುದು. ಅವರ ಉಳಿದ ಪ್ರಯಾಣಗಳ ಕಾಲವನ್ನು ಲೆಕ್ಕ ಹಾಕುವುದು ಇಲ್ಲಿಂದಲೇ.

ಅಖಾಯದಲ್ಲಿ ಗಲ್ಲಿಯೋನಿಗೆ ಜ್ವರ ಬಂತು. ಊರಿನ ಹವೆಯೇ ಕಾರಣವೆಂದು ಅವನು ಹಡಗು ಹತ್ತಿದನಂತೆ. ಇದನ್ನು ಬರೆದಿಟ್ಟವನು ತಮ್ಮನೇ. ಮುಂದೆ ರೋಮ್‌ನಲ್ಲಿ ಗಲ್ಲಿಯೋ ಕಾನ್ಸುಲ್ ಪದವಿಗೂ ಏರಿದ. ಆದರೆ 65ರಲ್ಲಿ ನೀರೋನ ವಿರುದ್ಧದ ಪಿತೂರಿ ಬಯಲಾದಾಗ ಸೆನೆಕಾನಿಗೂ ಮೆಲಾನ ಮಗ, ಕವಿ ಲೂಕನ್‌ನಿಗೂ ಸಾಯುವ ಆಜ್ಞೆ ಬಂತು. ಗಲ್ಲಿಯೋ ಪ್ರಾಣಭಿಕ್ಷೆ ಬೇಡಿದ. ಸೆನೆಟ್ಟಿನಲ್ಲಿಯೇ ಅವನನ್ನು ದ್ರೋಹಿಯೆಂದು ದೂರಲಾಯಿತು. ಆಗ ಉಳಿದುಕೊಂಡರೂ ಮುಂದೆ ಅವನೂ ಮೆಲಾನೂ ನೀರೋನ ಕಾಲದಲ್ಲೇ ಪ್ರಾಣ ಕಳೆದುಕೊಂಡರು. ಅದೇ ನೀರೋನ ಆಳ್ವಿಕೆಯಲ್ಲಿ, ಅದೇ ರೋಮ್‌ನಲ್ಲಿ ಸಂತ ಪೌಲರು ರಕ್ತಸಾಕ್ಷಿಯಾದರೆಂಬುದು ಧರ್ಮಸಭೆಯ ಪರಂಪರೆ.