ಬ್ಲೇಡು ತಂದ ಕಿಂಗ್ ಕ್ಯಾಂಪ್ ಜಿಲೆಟ್

ಈ ತಿಂಗಳ ಗೋಡೆ ಪತ್ರಿಕೆಗೆ ಹೆಸರಾಂತ ವ್ಯಕ್ತಿಯೊಬ್ಬರ ಜೀವನ ಬರೆಯಬೇಕು. ಒನಕೆ ಓಬವ್ವ, ಮದಕರಿ ನಾಯಕ, ಸರ್ ಎಂ. ವಿಶ್ವೇಶ್ವರಯ್ಯ ಇವರನ್ನೆಲ್ಲ ಗೆಳೆಯರು ಆಗಲೇ ತೆಗೆದುಕೊಂಡಿದ್ದಾರೆ. ನಾನು ತೆಗೆದುಕೊಂಡದ್ದು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಅವರನ್ನು. ಹೆಸರಿನಲ್ಲಿ ಕಿಂಗ್ ಇದ್ದರೂ ಇವರು ರಾಜರಲ್ಲ. ಊರೂರು ಸುತ್ತಿ ಸಾಮಾನು ಮಾರುತ್ತಿದ್ದವರು. ಗಡ್ಡ ಕೆರೆಯುವ ತೆಳ್ಳನೆಯ ಬ್ಲೇಡನ್ನು ಲೋಕಕ್ಕೆ ತಂದವರು.

ನಮ್ಮದು ಕ್ಷೌರದ ಕಸುಬಿನ ಮನೆ ಅಂತ ನಿಮಗೆಲ್ಲ ಗೊತ್ತು. ನಮ್ಮ ತಾತನಿಗೆ ಬ್ಲೇಡು ಅಂದರೆ ಆಗ್ತಿರಲಿಲ್ಲ. ನಮ್ಮಪ್ಪ ಮಾತ್ರ ದಿನಾ ಬ್ಲೇಡು ಹಿಡಿದೇ ಮನೆ ನಡೆಸುತ್ತಾರೆ. ಒಂದೇ ಕಸುಬಿನವರಿಗೆ ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಹೇಗೆ ಬೇಕಾಯಿತು ಅನ್ನುವುದು ಜಿಲೆಟ್ ಅವರ ಜೀವನ ತಿಳಿದರೆ ಗೊತ್ತಾಗುತ್ತೆ.

ಜಿಲೆಟ್ ಅವರು 1855ನೇ ಇಸವಿ ಜನವರಿ 5ರಂದು ವಿಸ್ಕಾನ್ಸಿನ್ ಸಂಸ್ಥಾನದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ ಹುಟ್ಟಿದರು. ಬೆಳೆದದ್ದು ಶಿಕಾಗೋ ಪಟ್ಟಣದಲ್ಲಿ. ತಂದೆಗೆ ಹೊಸ ಹೊಸ ಸಲಕರಣೆ ಮಾಡುವ ಹುಚ್ಚು. ತಾಯಿ ಫ್ಯಾನಿ ಅವರು 1887ರಲ್ಲಿ ಒಂದು ಅಡುಗೆ ಪುಸ್ತಕ ತಂದು ತಾವೇ ಹೆಸರು ಮಾಡಿದರು. 1871ರಲ್ಲಿ ಶಿಕಾಗೋಗೆ ದೊಡ್ಡ ಬೆಂಕಿ ಬಿತ್ತು. ಊರಿನ ದೊಡ್ಡ ಭಾಗವೇ ಸುಟ್ಟು ಹೋಯಿತು. ಜಿಲೆಟ್ ಅವರ ಮನೆಯವರು ಇದ್ದುದನ್ನೆಲ್ಲ ಕಳಕೊಂಡರು. ಆಗ ಇವರಿಗೆ 16 ವರ್ಷ. ಅಲ್ಲಿಂದ ದುಡಿಮೆಗೆ ಇಳಿದವರು ಸುಮಾರು 20 ವರ್ಷ ರೈಲಿನಲ್ಲಿ ಊರೂರು ತಿರುಗಿ ಸಾಮಾನು ಮಾರಿದರು. ಮಧ್ಯೆ ಮಧ್ಯೆ ತಂದೆಯ ಹಾಗೆ ಏನೇನೋ ಕಂಡುಹಿಡಿದರು. ಯಾವುದರಿಂದಲೂ ದುಡ್ಡು ಬರಲಿಲ್ಲ.

1890ರ ನಂತರ ಇವರು ವಿಲಿಯಂ ಪೇಂಟರ್ ಎಂಬುವರ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಕೂಲ್ ಡ್ರಿಂಕ್ಸ್ ಬಾಟಲಿಗೆ ಸುತ್ತಲೂ ಹಲ್ಲು ಹಲ್ಲಾಗಿರುವ ತಗಡಿನ ಮುಚ್ಚಳ ಇರುತ್ತಲ್ಲ, ನಾವು ಚಪ್ಪಟೆ ಮಾಡಿ ಎರಡು ತೂತು ಕೊರೆದು ದಾರ ಪೋಣಿಸಿ ಗಿರ್ರನೆ ತಿರುಗಿಸ್ತೀವಲ್ಲ, ಅದನ್ನು ಕಂಡುಹಿಡಿದವರು ಈ ಪೇಂಟರ್. ಜನ ಒಂದು ಸಲ ಬಳಸಿ ಬಿಸಾಡಿ ಮತ್ತೆ ಕೊಳ್ಳಲು ಬರುವಂಥ ವಸ್ತು ಯಾವುದಾದರೂ ಹುಡುಕು ಅಂತ ಅವರು ಜಿಲೆಟ್ ಅವರಿಗೆ ಬುದ್ಧಿ ಹೇಳಿದರಂತೆ. ಆ ಮಾತು ಇವರ ತಲೆಯಲ್ಲಿ ಕೂತುಬಿಟ್ಟಿತು.

1895ರಲ್ಲಿ ಒಂದು ದಿನ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಇವರ ಕತ್ತಿ ಮೊಂಡಾಗಿತ್ತು. ತೊಗಲಿನ ಪಟ್ಟಿಗೆ ಉಜ್ಜಿದರೂ ಸರಿಹೋಗದಷ್ಟು ಮೊಂಡು. ಸಾಣೆಯವನ ಹತ್ತಿರವೇ ಕೊಡಬೇಕಿತ್ತು. ಕೂದಲು ಕತ್ತರಿಸುವುದು ಕತ್ತಿಯ ತುದಿಯ ಅಲಗು ಮಾತ್ರ, ಹಿಂದಿನ ದಪ್ಪ ಕಬ್ಬಿಣ ಯಾಕೆ ಬೇಕು ಅಂತ ಅವರಿಗೆ ಆಗ ಹೊಳೆಯಿತು. ಒಂದು ತೆಳ್ಳನೆಯ ಉಕ್ಕಿನ ಹಾಳೆಗೆ ಎರಡೂ ಕಡೆ ಅಲಗು ಮಾಡಿ, ಹಿಡಿಯೊಂದಕ್ಕೆ ಸಿಕ್ಕಿಸಿದರೆ ಸಾಕು. ಮೊಂಡಾದರೆ ಬಿಸಾಡುವುದು. ಅವತ್ತೇ ಅಂಗಡಿಗೆ ಹೋಗಿ ಹಿತ್ತಾಳೆ ಚೂರು, ಗಡಿಯಾರದ ಸ್ಪ್ರಿಂಗಿನ ಉಕ್ಕು, ಅರ ತಂದು ಕೂತರು. ಆಗ ಅವರಿಗೆ 40 ವರ್ಷ.

ಇಲ್ಲಿ ಒಂದು ಮಾತು ಹೇಳಬೇಕು. ಮುಖಕ್ಕೆ ಗಾಯವಾಗದ ಶೇವಿಂಗ್ ಸೆಟ್ಟನ್ನು ಮೊದಲು ಮಾಡಿದವರು ಜಿಲೆಟ್ ಅಲ್ಲ. ನ್ಯೂಯಾರ್ಕಿನ ಕಾಂಫೆ ಅಣ್ಣತಮ್ಮಂದಿರು 1880ರಲ್ಲೇ ಸ್ಟಾರ್ ಎಂಬ ಸೆಟ್ಟಿಗೆ ಹಕ್ಕುಪತ್ರ ಪಡೆದಿದ್ದರು. ಅದಕ್ಕೆ ಒಂದೇ ಅಲಗು. ನಮ್ಮ ತಾತನ ಕತ್ತಿಯನ್ನು ಎರಡು ಬೆರಳಗಲ ತುಂಡು ಮಾಡಿ ಒಂದು ಸಣ್ಣ ಡಬ್ಬಿಯೊಳಗೆ ಇಟ್ಟ ಹಾಗೆ. ಮುಂದೆ ಬಾಚಣಿಗೆಯಂಥ ತಡೆ. ಚರ್ಮ ಒಳಗೆ ನುಗ್ಗದಂತೆ ಆ ತಡೆ ಕಾಯುತ್ತೆ. ಆದರೆ ಆ ತುಂಡು ಕತ್ತಿಯನ್ನೂ ಪಟ್ಟಿಗೆ ಉಜ್ಜಲೇಬೇಕಿತ್ತು, ಸಾಣೆಗೂ ಕೊಡಬೇಕಿತ್ತು. ಜಿಲೆಟ್ ಅವರು ತೆಗೆದುಹಾಕಿದ್ದು ಆ ಸಾಣೆಯನ್ನು.

ಹೇಳಿದಷ್ಟು ಸುಲಭವಾಗಿ ಅದು ಆಗಲಿಲ್ಲ. ಆರು ವರ್ಷ ಹಿಡಿಯಿತು. ನಮ್ಮೂರ ಕುಲುಮೆಯಲ್ಲಿ ಕುಡುಗೋಲು ಕಾಸಿ ನೀರಿಗೆ ಅದ್ದಿ ಹದ ಕೊಡುವುದನ್ನು ನೀವು ನೋಡಿದ್ದೀರಿ. ಕುಡುಗೋಲು ದಪ್ಪ, ಆದ್ದರಿಂದ ತಡೆಯುತ್ತೆ. ಕಾಗದದಂಥ ಉಕ್ಕನ್ನು ಹಾಗೆ ಮಾಡಿದರೆ ಸೊಟ್ಟಗೆ ಸುರುಳಿಯಾಗುತ್ತೆ. ಉಕ್ಕು ತಿಳಿದವರೆಲ್ಲ ಇದು ಆಗದ ಕೆಲಸ ಅಂದರು. ಜಿಲೆಟ್ ಅವರಿಗೆ ಉಕ್ಕಿನ ವಿಷಯ ಏನೂ ಗೊತ್ತಿರಲಿಲ್ಲ, ಅದಕ್ಕೇ ಬಿಡಲಿಲ್ಲ ಅಂತ ನನಗೆ ಅನ್ನಿಸುತ್ತೆ. ಕೊನೆಗೆ ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರ್ ಜೊತೆ ಸೇರಿ, ತೆಳ್ಳನೆ ಉಕ್ಕಿಗೆ ಹದ ಕೊಡುವ ಮತ್ತು ಅಲಗು ತೆಗೆಯುವ ಯಂತ್ರಗಳನ್ನು ಮಾಡಿದರು. ಅರ್ಧ ಹೆಸರು ಅವರಿಗೂ ಬರಬೇಕಿತ್ತು. ಆದರೆ ನಿಕ್ ಅಂದರೆ ಇಂಗ್ಲಿಷಿನಲ್ಲಿ ಕಚ್ಚು, ಸಣ್ಣ ಗಾಯ. ಆ ಹೆಸರಿನ ಸೆಟ್ಟನ್ನು ಯಾರು ತಾನೇ ಮುಖಕ್ಕೆ ಇಟ್ಟಾರು!

1901ರಲ್ಲಿ ಅಮೆರಿಕನ್ ಸೇಫ್ಟಿ ರೇಜರ್ ಎಂಬ ಹೆಸರಿನಲ್ಲಿ ಕಂಪನಿ ಶುರುವಾಯಿತು. ಮರುವರ್ಷ ಅದಕ್ಕೆ ಜಿಲೆಟ್ ಅವರ ಹೆಸರನ್ನೇ ಇಟ್ಟರು. 1903ರಲ್ಲಿ ಮಾರಾಟಕ್ಕೆ ಬಿಟ್ಟರು. ಇಡೀ ವರ್ಷಕ್ಕೆ ಮಾರಾಟವಾದದ್ದು 51 ಸೆಟ್ಟು, 168 ಬ್ಲೇಡು. ನಮ್ಮ ಶಾಲೆ ಮುಂದೆ ಬರುವ ಐಸ್ ಕ್ಯಾಂಡಿ ಗಾಡಿಯವರು ಒಂದು ದಿನಕ್ಕೆ ಇದಕ್ಕಿಂತ ಹೆಚ್ಚು ಮಾರುತ್ತಾರೆ. ಮರುವರ್ಷ 1904ರಲ್ಲಿ ಮಾತ್ರ 90 ಸಾವಿರಕ್ಕೂ ಹೆಚ್ಚು ಸೆಟ್ಟು ಹೋಯಿತು. ಅದೇ ವರ್ಷ ನವೆಂಬರ್ 15ರಂದು ಹಕ್ಕುಪತ್ರ ಸಿಕ್ಕಿತು. ಹಿರಿಯೂರು ಹತ್ತಿರ ನಮ್ಮ ಮಾರಿಕಣಿವೆ ಕಟ್ಟೆ ಏಳುತ್ತಿದ್ದ ಕಾಲ ಅದು. ಕಟ್ಟೆ ಮುಗಿದದ್ದು 1907ರಲ್ಲಿ.

ಈಗ ಆ ಸೆಟ್ಟು ಹೇಗೆ ಕೆಲಸ ಮಾಡುತ್ತೆ ನೋಡೋಣ. ಬ್ಲೇಡು ಬರೀ ತೆಳ್ಳಗೆ ಇದ್ದರೆ ಕೂದಲಿಗೆ ತಾಗಿ ನಡುಗುತ್ತೆ. ಹಿಡಿ ತಿರುಗಿಸಿದಾಗ ಮೇಲಿನ ಮುಚ್ಚಳ ಮತ್ತು ಕೆಳಗಿನ ತಡೆಯ ನಡುವೆ ಬ್ಲೇಡು ಬಿಲ್ಲಿನ ಹಾಗೆ ಬಗ್ಗುತ್ತೆ. ಬಗ್ಗಿದ ಮೇಲೆ ಗಟ್ಟಿ. ಒಂದು ಹಾಳೆಯನ್ನು ತುದಿ ಹಿಡಿದರೆ ಜೋಲು ಬೀಳುತ್ತೆ, ಮಧ್ಯೆ ಸ್ವಲ್ಪ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತೆ, ಮಾಡಿ ನೋಡಿ. ಹಿಡಿಯನ್ನು ಪೂರ್ತಿ ಬಿಗಿದರೆ ಸೆಟ್ಟು ಮೆತ್ತಗೆ ಕೆರೆಯುತ್ತೆ. ಚೂರು ಸಡಿಲ ಬಿಟ್ಟರೆ ಅಲಗಿಗೂ ತಡೆಗೂ ನಡುವೆ ಸಂದು ಜಾಸ್ತಿಯಾಗಿ ಜೋರಾಗಿ ಕಚ್ಚುತ್ತೆ. ಕಚ್ಚುವುದು ಅಂತ ನಾವು ಕಸುಬಿನವರು ಹೇಳೋದು. ಬ್ಲೇಡು ಎಷ್ಟು ಹೊರಗೆ ಚಾಚಿದೆ, ಸಂದು ಎಷ್ಟಿದೆ, ಬ್ಲೇಡು ಎಷ್ಟು ಗಟ್ಟಿ, ಎಷ್ಟು ಓರೆಯಾಗಿ ಹಿಡಿದಿದ್ದೀವಿ, ಇದರ ಮೇಲೆ ಕಚ್ಚುವುದು ನಿಂತಿದೆ.

ಜಿಲೆಟ್ ಅವರಿಗೆ ಪೈಪೋಟಿ ಕೊಟ್ಟವರು ಒಂದು ಅಲಗಿನ ಸೆಟ್ಟಿನವರು. ಜೆಮ್, ಎವರ್-ರೆಡಿ ಅಂತ ಅವುಗಳ ಹೆಸರು. ಟಾರ್ಚಿನ ಶೆಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಹಾಗೆ ಕೇಳುತ್ತೆ. ತಮಾಷೆ ಏನೆಂದರೆ, ಜಿಲೆಟ್ ಅವರು ಬಿಟ್ಟ ಅಮೆರಿಕನ್ ಸೇಫ್ಟಿ ರೇಜರ್ ಎಂಬ ಹೆಸರನ್ನೇ ಆಮೇಲೆ ಈ ಎವರ್-ರೆಡಿಯವರು ಇಟ್ಟುಕೊಂಡರು. ಇವರ ಬ್ಲೇಡೂ ಬಿಸಾಡುವಂಥದ್ದೇ, ಆದರೆ ಬೆನ್ನಿಗೆ ತಗಡಿನ ಪಟ್ಟಿ ಮಡಿಸಿ ಕೂರಿಸಿರುತ್ತಾರೆ. ಈಗಿನ ಎರಡು ಅಲಗಿನ ಬ್ಲೇಡಿನ ದಪ್ಪ 0.10 ಮಿಲಿಮೀಟರ್. ಒಂದು ಅಲಗಿನದು ಸುಮಾರು 0.23 ಮಿಲಿಮೀಟರ್, ಎರಡರಷ್ಟಕ್ಕಿಂತ ಜಾಸ್ತಿ. ಅದು ಬಗ್ಗುವುದೇ ಇಲ್ಲ.

ಇಂಥ ಒಂದು ಹಳೇ ಎವರ್-ರೆಡಿ ಸೆಟ್ಟು ನಮ್ಮ ಮನೆಯಲ್ಲಿದೆ. ಹಿರಿಯೂರು ಕಡೆಯ ಮಿಲಿಟರಿಯಿಂದ ಬಂದ ಒಬ್ಬರು ನಮ್ಮ ತಾತನಿಗೆ ಕೊಟ್ಟದ್ದು. ಜೊತೆಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಎರಡು ಬ್ಲೇಡು ಇದ್ದವು. ಈ ಲೇಖನಕ್ಕಾಗಿ ನಾನು ಅಪ್ಪನನ್ನು ಕಾಡಿದೆ. ಅವರು ಚಿಕ್ಕಪ್ಪನ ಬಲಗಲ್ಲಕ್ಕೆ ಎರಡು ಅಲಗಿನ ಸೆಟ್ಟು, ಎಡಗಲ್ಲಕ್ಕೆ ಒಂದು ಅಲಗಿನದು ಹಿಡಿದರು. ಮೂರು ದಿನದ ಗಡ್ಡ. ಬಲಗಡೆ ಸದ್ದೇ ಇಲ್ಲ, ಎರಡು ಸಲ ಎಳೆಯಬೇಕಾಯಿತು. ಎಡಗಡೆ ಒಣಗಿದ ರಾಗಿ ಕುಯ್ದ ಹಾಗೆ ಕರಕರ ಅಂತ ಸದ್ದು, ಒಂದೇ ಎಳೆತಕ್ಕೆ ನುಣ್ಣಗೆ. ಒಂದು ಅಲಗಿನದನ್ನು ಓರೆಯಾಗಿ ಹಿಡಿಯಬಾರದಂತೆ, ತಲೆಯನ್ನು ಗಲ್ಲಕ್ಕೆ ಚಪ್ಪಟೆಯಾಗಿ ಇಟ್ಟು ಚೂರೇ ಚೂರು ಎತ್ತಬೇಕು. ಎರಡು ಅಲಗಿನದರ ಹಾಗೆ ಹಿಡಿದರೆ ಕಚ್ಚಿಬಿಡುತ್ತೆ. ರಾತ್ರಿ ಮುಟ್ಟಿ ನೋಡಿದಾಗಲೂ ಎಡಗಲ್ಲ ನುಣ್ಣಗಿತ್ತು, ಬಲಗಲ್ಲ ಒರಟು. ಗದ್ದದ ಕೆಳಗೆ, ಗಂಟಲ ಹತ್ತಿರ ಮಾತ್ರ ಚಿಕ್ಕಪ್ಪ ಎವರ್-ರೆಡಿ ಬೇಡವೇ ಬೇಡ ಅಂದರು. ಅಲ್ಲಿ ಜಿಲೆಟ್ ಅವರದೇ ವಾಸಿ. ಕೈ ಪಳಗದವರಿಗೂ ಅದೇ ವಾಸಿ.

ಯುದ್ಧ ಜಿಲೆಟ್ ಅವರಿಗೆ ದೊಡ್ಡ ವ್ಯಾಪಾರ ತಂದಿತು. ಅಮೆರಿಕ 1917ರಲ್ಲಿ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ವಿಷದ ಗಾಳಿ ತಡೆಯುವ ಮುಖವಾಡ ಗಡ್ಡವಿದ್ದರೆ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಸರ್ಕಾರ ಸುಮಾರು 35 ಲಕ್ಷ ಸೆಟ್ಟು, 3 ಕೋಟಿಗೂ ಮೀರಿ ಬ್ಲೇಡು ಕೊಂಡಿತು. ಯುದ್ಧ ಮುಗಿದ ಮೇಲೆ ಸಿಪಾಯಿಗಳು ಅದನ್ನು ಮನೆಗೆ ಒಯ್ದರು. ಮನೆಯಲ್ಲೇ ಗಡ್ಡ ಕೆರೆದುಕೊಳ್ಳುವುದು ರೂಢಿಯಾಯಿತು.

ಆ ರೂಢಿ ನಿಧಾನವಾಗಿ ನಮ್ಮ ಕಡೆಗೂ ಬಂತು. ನಮ್ಮ ತಾತ ಆಯಗಾರರು. ಕಣದಲ್ಲಿ ಸುಗ್ಗಿ ಆದಾಗ ಪ್ರತಿ ಮನೆಯಿಂದ ರಾಗಿ, ಅವರೆ ಕೊಡುತ್ತಿದ್ದರು. ವರ್ಷವಿಡೀ ತಾತ ಆ ಮನೆಗಳ ಜಗಲಿಗೆ ಹೋಗಿ ಕೆಲಸ ಮಾಡಬೇಕು. ಸೆಟ್ಟು ಬಂದ ಮೇಲೆ ದೊಡ್ಡ ಮನೆಯವರು ಮೊದಲು ಗಡ್ಡಕ್ಕೆ ಕರೆಯುವುದು ಬಿಟ್ಟರು. ಆಮೇಲೆ ಕಣದಲ್ಲಿ ಕೊಡುವ ರಾಗಿಯೂ ಕಮ್ಮಿಯಾಯಿತು. ಮುಖ ಕುಯ್ದುಕೊಂಡವರು ಮಾತ್ರ ಪಟಕ ಕೇಳಿಕೊಂಡು ನಮ್ಮ ಮನೆಗೆ ಬರುತ್ತಿದ್ದರಂತೆ. ತಾತ ಪಟಕ ಕೊಡ್ತಿದ್ದರು, ಮಾತಾಡ್ತಿರಲಿಲ್ಲ. ಅವರು ಕೊನೆಯವರೆಗೂ ಕತ್ತಿಯನ್ನೇ ಹಿಡಿದರು.

ಅಪ್ಪನ ಕಾಲಕ್ಕೆ ಬೇರೆಯಾಯಿತು. ಏಡ್ಸ್ ಕಾಯಿಲೆಯ ತಿಳುವಳಿಕೆ ಬಂದ ಮೇಲೆ ಒಂದೇ ಕತ್ತಿಯನ್ನು ಎಲ್ಲರ ಮುಖಕ್ಕೆ ಹಿಡಿಯುವುದಕ್ಕೆ ಜನ ಹೆದರಿದರು. ಈಗ ಅಂಗಡಿಯಲ್ಲಿ ಅಪ್ಪ ಎರಡು ಅಲಗಿನ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಲಟಕ್ ಅಂತ ಮುರಿದು, ಅರ್ಧವನ್ನು ಕತ್ತಿಯಂಥ ಹಿಡಿಗೆ ಸಿಕ್ಕಿಸುತ್ತಾರೆ. ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಅರ್ಧ. ನೋಡಿ, ಜಿಲೆಟ್ ಅವರ ಎರಡು ಅಲಗು ಮತ್ತೆ ಒಂದು ಅಲಗಾಯಿತು! ಇದಕ್ಕೆ ತಡೆಯೇ ಇಲ್ಲ. ನಾನು ಹೇಳಿದ ಎಲ್ಲಕ್ಕಿಂತ ಜೋರು ಇದೇ. ಆದರೂ ಅಪ್ಪ ಎಡಗೈ ಬೆರಳಿಂದ ಚರ್ಮ ಬಿಗಿ ಹಿಡಿದು ಎಳೆದರೆ ಗಿರಾಕಿ ನಿದ್ದೆ ಮಾಡ್ತಿರ್ತಾರೆ. ಸೆಟ್ಟಿನಲ್ಲಿ ಜಿಲೆಟ್ ಅವರು ಇಟ್ಟ ತಡೆ ಇಲ್ಲಿ ಅಪ್ಪನ ಕೈಯಲ್ಲಿದೆ. ತಾತನ ರಾಗಿ ಕಳೆದ ಬ್ಲೇಡೇ ಅಪ್ಪನ ಅಂಗಡಿ ಉಳಿಸಿತು. ಹಾಗಾಗಿ ಇಬ್ಬರ ಮಾತೂ ಸರಿ ಅಂತಲೇ ನಾನು ಬರೀತೀನಿ, ಅಪ್ಪ ಓದಿದರೂ ಪರವಾಗಿಲ್ಲ.

ಜಿಲೆಟ್ ಅವರ ಇನ್ನೊಂದು ಮುಖ ಹೇಳದಿದ್ದರೆ ತಪ್ಪಾಗುತ್ತೆ. ಇವರಿಗೆ ವ್ಯಾಪಾರದ ಪೈಪೋಟಿ ಕಂಡರೆ ಆಗುತ್ತಿರಲಿಲ್ಲ. ಬ್ಲೇಡಿಗೂ ಮೊದಲೇ 1894ರಲ್ಲಿ ಒಂದು ಪುಸ್ತಕ ಬರೆದು, ದೇಶದ ಜನರೆಲ್ಲ ನಯಾಗರ ಜಲಪಾತದ ಹತ್ತಿರ ಒಂದೇ ಮಹಾಪಟ್ಟಣದಲ್ಲಿ ಇರಬೇಕು, ಜಲಪಾತದಿಂದಲೇ ವಿದ್ಯುತ್ ತೆಗೆಯಬೇಕು, ಒಂದೇ ಕಂಪನಿ ಎಲ್ಲರಿಗೂ ಬೇಕಾದ್ದನ್ನು ಮಾಡಬೇಕು, ಅದು ಎಲ್ಲ ಜನರದ್ದೂ ಆಗಿರಬೇಕು ಅಂದಿದ್ದರು. 1910ರಲ್ಲಿ ಇಂಥ ಲೋಕದ ಕಂಪನಿಗೆ ಅಧ್ಯಕ್ಷರಾಗಲು ಹಿಂದಿನ ರಾಷ್ಟ್ರಪತಿ ಥಿಯೋಡೋರ್ ರೂಸ್ವೆಲ್ಟ್ ಅವರಿಗೆ 10 ಲಕ್ಷ ಡಾಲರ್ ಕೊಡುತ್ತೇನೆ ಅಂದರು. ರೂಸ್ವೆಲ್ಟ್ ಒಪ್ಪಲಿಲ್ಲ. ಪೈಪೋಟಿ ಬೇಡ ಅಂದವರು ಬೇರೆ ಸೆಟ್ಟಿನವರ ಜೊತೆ ಪೈಪೋಟಿ ಮಾಡಿಯೇ ಸಾಹುಕಾರರಾದರು. ಇದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ.

ಕೊನೆಗಾಲ ಚೆನ್ನಾಗಿರಲಿಲ್ಲ. ಕಂಪನಿಯ ಆಡಳಿತ ಎಷ್ಟೋ ವರ್ಷದ ಹಿಂದೆಯೇ ಕೈಬಿಟ್ಟಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಇವರ ಆಸ್ತಿ ಬಹಳಷ್ಟು ಕರಗಿತು. 1930ರಲ್ಲಿ ಆಟೋಸ್ಟ್ರಾಪ್ ಎಂಬ ಕಂಪನಿ ಜಿಲೆಟ್ ಕಂಪನಿಯ ಜೊತೆ ಸೇರಿ, ಅದರ ಯಜಮಾನ ಹೆನ್ರಿ ಗೈಸ್ಮನ್ ಅವರ ಕೈ ಮೇಲಾಯಿತು. ಆ ಆಟೋಸ್ಟ್ರಾಪ್ ಯಾವ ಸೆಟ್ಟು ಗೊತ್ತಾ? ಒಂದು ಅಲಗಿನದು. ಸೆಟ್ಟಿನ ತಲೆಯೊಳಗೇ ತೊಗಲ ಪಟ್ಟಿ ತೂರಿಸಿ ಅಲಗನ್ನು ಉಜ್ಜುವಂಥದ್ದು. ಯಾವ ಉಜ್ಜುವ ಕೆಲಸವನ್ನು ಜಿಲೆಟ್ ಅವರು ತೆಗೆದುಹಾಕಿದ್ದರೋ ಅದರಿಂದಲೇ ಬದುಕಿದ ಕಂಪನಿ.

1931ರಲ್ಲಿ ಅಧ್ಯಕ್ಷ ಪದವಿ ಬಿಟ್ಟು, 1932ನೇ ಇಸವಿ ಜುಲೈ 9ರಂದು ಕ್ಯಾಲಿಫೋರ್ನಿಯಾದಲ್ಲಿ ಜಿಲೆಟ್ ಅವರು ತೀರಿಕೊಂಡರು. ಆಗ 77 ವರ್ಷ. ಅವರ ಕಾಲದ ಬ್ಲೇಡುಗಳೆಲ್ಲ ತುಕ್ಕು ಹಿಡಿಯುವ ಉಕ್ಕಿನವು, ತುಕ್ಕು ಹಿಡಿಯದ ಬ್ಲೇಡು ಎಲ್ಲೆಡೆ ಬಂದದ್ದು 1960ರ ನಂತರ. ಅವರ ಚಿತ್ರ ಮತ್ತು ಸಹಿ ಬ್ಲೇಡಿನ ಪೊಟ್ಟಣದ ಮೇಲೆ ದೇಶ ದೇಶಕ್ಕೆ ಹೋಗಿತ್ತು. ಕೆಳಗೆ ನಾನು ಬಿಡಿಸಿ ಅಂಟಿಸಿರುವುದು ಅದನ್ನೇ. ಮೀಸೆ ನಾನು ಸೇರಿಸಿದ್ದಲ್ಲ. ಲೋಕದವರಿಗೆಲ್ಲ ಬ್ಲೇಡು ಮಾರಿದ ಜಿಲೆಟ್ ಅವರು ಗಲ್ಲ ಮಾತ್ರ ನುಣ್ಣಗೆ ಇಟ್ಟುಕೊಂಡು, ಮೀಸೆಯನ್ನು ಹೀಗೇ ದಪ್ಪಗೆ ಬಿಟ್ಟಿದ್ದರು.