ಹುಚ್ಚನೆಂದು ಕಟ್ಟಿ ಹೊಡೆಸಿಕೊಂಡ ಸಂತ

ನಿಮ್ಮ ಊರಿನ ಬಸ್ ನಿಲ್ದಾಣದ ಮೂಲೆಯಲ್ಲೋ, ದೇವಾಲಯದ ಗೇಟಿನ ಬಳಿಯೋ ತನ್ನಷ್ಟಕ್ಕೆ ತಾನೇ ಮಾತನಾಡುತ್ತಾ ಕುಳಿತ ಒಬ್ಬ ವ್ಯಕ್ತಿಯನ್ನು ನೀವು ನೋಡಿರಬಹುದು. ಜಡೆಗಟ್ಟಿದ ಕೂದಲು, ಹರಿದ ಅಂಗಿ, ಎಲ್ಲೋ ನೆಟ್ಟ ನೋಟ. ಭಾನುವಾರದ ಬಲಿಪೂಜೆ ಮುಗಿಸಿ ಬರುವಾಗ ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದು ಸ್ವಲ್ಪ ದೂರ ಸರಿದು ನಡೆದಿರಲೂಬಹುದು. ಭಯಪಡುವುದು ಸಹಜ. ಆದರೆ ಇದೇ ಸ್ಥಿತಿಯಲ್ಲಿ, ಸುಮಾರು ಐದು ಶತಮಾನಗಳ ಹಿಂದೆ, ಸ್ಪೇನ್ ದೇಶದ ಗ್ರನಾಡಾ ನಗರದ ಬೀದಿಗಳಲ್ಲಿ ಮಕ್ಕಳಿಂದ ಕಲ್ಲೇಟು ತಿಂದು ಅಲೆದಾಡಿದ ಒಬ್ಬ ಮನುಷ್ಯನನ್ನು ಇಂದು ಧರ್ಮಸಭೆ ಸಂತರೆಂದು ಗೌರವಿಸುತ್ತದೆ ಎಂಬುದು ನಿಮಗೆ ಗೊತ್ತೇ? ಅವರೇ ಇಂಗ್ಲಿಷಿನಲ್ಲಿ ಸೇಂಟ್ ಜಾನ್ ಆಫ್ ಗಾಡ್ ಎಂದು ಹೆಸರಾದ ದೇವರ ಸಂತ ಯೊವಾನ್ನರು.

ಅವರು ಹುಟ್ಟಿದ್ದು 1495ರಲ್ಲಿ, ಪೋರ್ಚುಗಲ್ಲಿನ ಮೊಂತೆಮೊರ್-ಒ-ನೊವೊ ಎಂಬ ಊರಿನಲ್ಲಿ. ಎಂಟು ವರ್ಷದ ಬಾಲಕನಾಗಿದ್ದಾಗಲೇ ಮನೆ ಬಿಟ್ಟು ಹೋದ. ಮಗನನ್ನು ಕಳೆದುಕೊಂಡ ಕೊರಗಿನಲ್ಲೇ ತಾಯಿ ತೀರಿಕೊಂಡರು. ತಂದೆ ಸಂತ ಫ್ರಾನ್ಸಿಸರ ಸಭೆಯ ಮಠ ಸೇರಿ ಅಲ್ಲಿಯೇ ಕಣ್ಣುಮುಚ್ಚಿದರು. ಇದಾವುದೂ ಯೊವಾನ್ನನಿಗೆ ಗೊತ್ತಿರಲಿಲ್ಲ. ಅವನು ಸ್ಪೇನಿನ ಒರೊಪೆಸಾ ಎಂಬಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ಬೆಳೆದು ಕುರಿ ಕಾಯುತ್ತಿದ್ದ.

ಯೌವನದಲ್ಲಿ ಅವರು ಸೈನ್ಯ ಸೇರಿದರು. ಒಮ್ಮೆ ಯುದ್ಧದ ಕೊಳ್ಳೆಯನ್ನು ಕಾಯುವ ಕೆಲಸ ಅವರ ಪಾಲಿಗೆ ಬಂತು. ಆ ಕೊಳ್ಳೆ ಕಳುವಾಯಿತು. ನೇಣು ಹಾಕಬೇಕೆಂದು ಆಜ್ಞೆಯಾಯಿತು. ಯಾರೋ ದೊಡ್ಡವರು ಅಡ್ಡಬಂದು ಬೇಡಿಕೊಂಡದ್ದರಿಂದ ಪ್ರಾಣ ಉಳಿಯಿತು. ಮತ್ತೆ ಕುರಿ ಮಂದೆಗೆ ಮರಳಿದರು. 1532ರಲ್ಲಿ ತುರ್ಕರ ವಿರುದ್ಧ ವಿಯೆನ್ನಾಕ್ಕೆ ಹೊರಟ ಸೈನ್ಯದ ಜೊತೆ ಪುನಃ ಹೋದರು. ಹಿಂತಿರುಗುವಾಗ ಹುಟ್ಟೂರಿಗೆ ಹೋದರೆ, ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನಡೆದದ್ದನ್ನು ಚಿಕ್ಕಪ್ಪನೊಬ್ಬರಿಂದ ಕೇಳಿ ತಿಳಿದರು. ತನ್ನಿಂದಲೇ ತಾಯಿ ಸತ್ತಳೆಂಬ ಭಾರ ಎದೆಯ ಮೇಲೆ ಕುಳಿತರೆ ಒಬ್ಬ ಮಗನಿಗೆ ಹೇಗಾಗಬಹುದು, ನೀವೇ ಯೋಚಿಸಿ.

ಆಮೇಲೆ ಅವರಿಗೆ ಎಲ್ಲಿಯೂ ನೆಲೆ ಸಿಗಲಿಲ್ಲ. ಆಫ್ರಿಕಾದ ತೀರದ ಸೆವ್ತಾದಲ್ಲಿ ಕೋಟೆ ಕಟ್ಟುವ ಕೂಲಿಯಾದರು. ಗಡೀಪಾರಾಗಿ ಬಂದಿದ್ದ ಒಂದು ಪೋರ್ಚುಗೀಸ್ ಕುಟುಂಬವನ್ನು ತಮ್ಮ ಕೂಲಿ ಹಣದಿಂದಲೇ ಸಾಕಿದರು. ಅಲ್ಲಿಂದ ಜಿಬ್ರಾಲ್ಟರಿಗೆ ಬಂದು ಪುಸ್ತಕ, ಪಟಗಳನ್ನು ಹೊತ್ತು ಮಾರಿದರು. ಕೊನೆಗೆ ಗ್ರನಾಡಾದ ಎಲ್ವಿರಾ ಹೆಬ್ಬಾಗಿಲ ಬಳಿ ಒಂದು ಚಿಕ್ಕ ಪುಸ್ತಕದಂಗಡಿ ಇಟ್ಟರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಮನೆಯಿಲ್ಲ, ಸಂಸಾರವಿಲ್ಲ, ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲ.

1530ರ ದಶಕದ ಕೊನೆಯ ಒಂದು ಜನವರಿ 20, ಸಂತ ಸೆಬಾಸ್ಟಿಯನ್ನರ ಹಬ್ಬ. ಆವಿಲಾದ ಯೊವಾನ್ನರೆಂಬ ಪ್ರಸಿದ್ಧ ಗುರುಗಳು ಅಂದು ಪ್ರಬೋಧನೆ ನೀಡಿದರು. ಮುಂದೆ ಅವರೂ ಸಂತರಾದರು. ಪ್ರಬೋಧನೆ ಕೇಳುತ್ತಿದ್ದ ನಮ್ಮ ಪುಸ್ತಕ ವ್ಯಾಪಾರಿಯ ಎದೆಯ ಕಟ್ಟೆ ಒಡೆಯಿತು. ಗಟ್ಟಿಯಾಗಿ ಅಳುತ್ತಾ, ದೇವರ ಕರುಣೆಯನ್ನು ಬೇಡುತ್ತಾ ಬೀದಿಗೆ ಓಡಿದರು. ನೆಲದ ಮೇಲೆ ಹೊರಳಾಡಿದರು. ಅಂಗಡಿಯಲ್ಲಿದ್ದ ಭಕ್ತಿ ಪುಸ್ತಕಗಳನ್ನೆಲ್ಲ ದಾನ ಮಾಡಿದರು, ಉಳಿದವನ್ನು ಹರಿದು ಹಾಕಿದರು. ಮೈಮೇಲಿನ ಬಟ್ಟೆಯನ್ನೂ ಕೊಟ್ಟುಬಿಟ್ಟರು. ಹುಚ್ಚ, ಹುಚ್ಚ ಎಂದು ಕೂಗುತ್ತಾ ಹುಡುಗರ ಹಿಂಡು ಬೆನ್ನಟ್ಟಿತು. ಕೆಸರು, ಕಲ್ಲು ತೂರಿತು.

ಅದು ಪಶ್ಚಾತ್ತಾಪವೋ, ಜನರಿಂದ ಅವಮಾನ ಪಡಬೇಕೆಂದು ಬೇಕೆಂದೇ ಹಾಕಿದ ವೇಷವೋ, ನಿಜವಾದ ಮನೋರೋಗವೋ ಎಂದು ಅವರ ಚರಿತ್ರೆ ಬರೆದವರು ಇಂದಿಗೂ ಚರ್ಚಿಸುತ್ತಾರೆ. ಎಂಟು ವರ್ಷಕ್ಕೇ ಮನೆ ಬಿಟ್ಟು, ಯುದ್ಧ ಕಂಡು, ನೇಣಿನ ಹಗ್ಗದಿಂದ ಪಾರಾಗಿ, ತಾಯಿಯ ಸಾವಿನ ಭಾರ ಹೊತ್ತು ಒಂಟಿಯಾಗಿ ಬದುಕಿದ ಮನುಷ್ಯನ ಮನಸ್ಸು ಒಂದು ದಿನ ಕುಸಿದರೆ ಆಶ್ಚರ್ಯವೇನು? ಹಾಗೆ ಕುಸಿದದ್ದರಿಂದ ಅವರ ಸಂತತನಕ್ಕೆ ಕುಂದೂ ಬರುವುದಿಲ್ಲ. ಕಾಯಿಲೆ ಪಾಪವಲ್ಲ.

ಅವರ ಸ್ಥಿತಿ ಕಂಡು ಮರುಗಿದ ಇಬ್ಬರು ಅವರನ್ನು ಅರಸರ ಆಸ್ಪತ್ರೆಗೆ ಸೇರಿಸಿದರು. ಅದು ಫೆರ್ಡಿನಾಂಡ್ ಮತ್ತು ಇಸಾಬೆಲ್ಲಾ ದಂಪತಿ 1504ರಲ್ಲಿ ಸ್ಥಾಪಿಸಿದ ಆಸ್ಪತ್ರೆ. ಅಲ್ಲಿ ಬುದ್ಧಿಭ್ರಮಣೆಯಾದವರಿಗೂ ಒಂದು ವಿಭಾಗವಿತ್ತು. ಆದರೆ ಅಂದಿನ ಚಿಕಿತ್ಸೆಯೆಂದರೆ ಚಾವಟಿ. ನೋವು ತಾಗಿದರೆ ಹೋದ ಬುದ್ಧಿ ಮರಳುತ್ತದೆ ಎಂಬುದು ಆ ಕಾಲದ ನಂಬಿಕೆ. ಕೈಕಾಲು ಕಟ್ಟಿ, ಬರಿಮೈ ಮಾಡಿ ಯೊವಾನ್ನರನ್ನು ಹೊಡೆದರು. ಪಕ್ಕದಲ್ಲಿದ್ದವರಿಗೂ ಅದೇ ಗತಿ. ಯೊವಾನ್ನರು ತಮಗೆ ಬಿದ್ದ ಏಟನ್ನು ಸಹಿಸಿಕೊಂಡರು, ಆದರೆ ಇತರರಿಗೆ ಬಿದ್ದ ಏಟನ್ನು ಸಹಿಸಲಿಲ್ಲ. ಈ ಬಡ ಸೋದರರನ್ನು ಹೀಗೇಕೆ ಹಿಂಸಿಸುತ್ತೀರಿ ಎಂದು ಕಾವಲಿನವರನ್ನೇ ಗದರಿದರು. ಅದಕ್ಕೆ ಮತ್ತಷ್ಟು ಏಟು ಬಿದ್ದವು. ಅಲ್ಲಿಯೇ ಅವರು ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿದರು. ದೇವರು ಅನುಗ್ರಹಿಸಿದರೆ ತನ್ನದೇ ಒಂದು ಆಸ್ಪತ್ರೆ ತೆರೆಯಬೇಕು, ದಿಕ್ಕಿಲ್ಲದ ಬಡವರನ್ನೂ ಬುದ್ಧಿ ಕಳೆದುಕೊಂಡವರನ್ನೂ ತನಗೆ ತಿಳಿದ ಹಾಗೆ ಪ್ರೀತಿಯಿಂದ ನೋಡಿಕೊಳ್ಳಬೇಕು.

ಆವಿಲಾದ ಗುರುಗಳು ಅವರನ್ನು ಕೈಬಿಡಲಿಲ್ಲ. ಧೈರ್ಯ ತುಂಬಿ, ದಾರಿ ತೋರಿದರು. ಸ್ವಲ್ಪ ಕಾಲದಲ್ಲೇ ಯೊವಾನ್ನರು ಶಾಂತರಾದರು. ಹೊರಗೆ ಬರುವ ಮುನ್ನ ಅದೇ ಆಸ್ಪತ್ರೆಯಲ್ಲಿ ನೆಲ ಗುಡಿಸಿ, ರೋಗಿಗಳ ಸೇವೆ ಮಾಡಿದರು. ಗ್ವಾಡಲೂಪೆಯ ಮಾತೆಯ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಬಂದರು. ಆಮೇಲೆ ಗ್ರನಾಡಾದಲ್ಲಿ ಸೌದೆ ಮಾರಿ, ಬಂದ ಹಣದಲ್ಲಿ ಬೀದಿಯಲ್ಲಿ ಮಲಗಿದವರಿಗೆ ಊಟ ಕೊಟ್ಟರು. ಮುಂದೆ ಒಂದು ಮನೆ ಬಾಡಿಗೆಗೆ ಹಿಡಿದರು. ನಡೆಯಲಾರದವರನ್ನು ತಮ್ಮ ಹೆಗಲ ಮೇಲೆಯೇ ಹೊತ್ತು ತಂದರು.

ಪ್ರತಿ ಸಂಜೆ ಬೆನ್ನಿಗೆ ಬುಟ್ಟಿ, ಹಗ್ಗದಲ್ಲಿ ತೂಗುಹಾಕಿದ ಎರಡು ಪಾತ್ರೆ. ಹೀಗೆ ಹೊರಟು ಬೀದಿ ಬೀದಿ ಕೂಗುತ್ತಿದ್ದರು. ಅವರ ಕೂಗು ಎಲ್ಲ ಭಿಕ್ಷುಕರ ಕೂಗಿನಂತಿರಲಿಲ್ಲ. ಬಡವರಿಗೆ ಕೊಡುವ ಮೂಲಕ ನಿಮಗೆ ನೀವೇ ಒಳಿತು ಮಾಡಿಕೊಳ್ಳಿರೆಂದು ಅವರು ಜನರನ್ನು ಕರೆಯುತ್ತಿದ್ದರು. ಹುಚ್ಚನೆಂದು ನಕ್ಕ ಜನರೇ ಈಗ ಬಾಗಿಲು ತೆರೆದು ರೊಟ್ಟಿ, ಉಳಿದ ಅಡುಗೆ, ಹಳೆಯ ಬಟ್ಟೆ ಕೊಡಲಾರಂಭಿಸಿದರು.

ಒಂದೇ ಹಾಸಿಗೆಯಲ್ಲಿ ಹಲವು ರೋಗಿಗಳನ್ನು ಮಲಗಿಸುವುದು ಆಗ ಸಾಮಾನ್ಯವಾಗಿತ್ತು. ಯೊವಾನ್ನರು ಒಬ್ಬರಿಗೆ ಒಂದು ಹಾಸಿಗೆ ಕೊಟ್ಟರು. ರೋಗಕ್ಕೆ ತಕ್ಕಂತೆ ಬೇರೆ ಬೇರೆ ಕೋಣೆ ಮಾಡಿದರು. ಬಂದವರ ಪಾದ ತೊಳೆದು ಒಳಗೆ ಕರೆದುಕೊಂಡರು. ಗೊಮೆರೆಸ್ ಇಳಿಜಾರಿನ ದೊಡ್ಡ ಮನೆಗೆ ಹೋದ ಮೇಲೆ, ನಡುವೆ ಬೆಂಕಿ ಉರಿಯುವ ಒಂದು ಹಜಾರವನ್ನು ಮನೆಯಿಲ್ಲದವರಿಗಾಗಿಯೇ ಬಿಟ್ಟರು. ಅಲ್ಲಿ 200ಕ್ಕೂ ಹೆಚ್ಚು ಜನ ಚಳಿಯಿಂದ ತಪ್ಪಿಸಿಕೊಂಡು ಮಲಗಬಹುದಿತ್ತೆಂದು 1585ರಲ್ಲಿ ಅವರ ಮೊದಲ ಜೀವನಚರಿತ್ರೆ ಪ್ರಕಟಿಸಿದ ಫ್ರಾನ್ಸಿಸ್ಕೊ ದೆ ಕಾಸ್ತ್ರೊ ತಿಳಿಸುತ್ತಾರೆ. ಯೊವಾನ್ನರ ಆರು ಪತ್ರಗಳು ಉಳಿದುಕೊಂಡಿವೆ. ಒಂದು ಪತ್ರದಲ್ಲಿ ಅವರು ತಮ್ಮ ಮನೆಯಲ್ಲಿ 110ಕ್ಕೂ ಹೆಚ್ಚು ಜನರಿದ್ದಾರೆಂದು ಲೆಕ್ಕ ಕೊಡುತ್ತಾರೆ. ಕುಷ್ಠರೋಗಿಗಳು, ಮೂಕರು, ಲಕ್ವ ಹೊಡೆದವರು, ವೃದ್ಧರು, ಮಕ್ಕಳು, ದಾರಿಹೋಕರು, ಅವರ ಜೊತೆಯಲ್ಲೇ ಬುದ್ಧಿ ಕಳೆದುಕೊಂಡವರು. ಜೊತೆಗೆ 200 ಡುಕಾಟ್‌ಗೂ ಮೀರಿದ ಸಾಲ!

ಟೂಯ್ ನಗರದ ಧರ್ಮಾಧ್ಯಕ್ಷರು ಅವರಿಗೆ ಸನ್ಯಾಸಿಯ ಉಡುಪು ತೊಡಿಸಿ, ದೇವರ ಯೊವಾನ್ನ ಎಂಬ ಹೆಸರಿಟ್ಟರು. ಒಡನಾಡಿಗಳೂ ಬಂದರು. ಅವರಲ್ಲಿ ಇಬ್ಬರ ಕಥೆ ಕೇಳಿ. ಆಂತೊನ್ ಮಾರ್ತಿನ್ ಎಂಬವರು ತಮ್ಮ ತಮ್ಮನನ್ನು ಕೊಂದ ಪೇದ್ರೊ ವೆಲಾಸ್ಕೊನನ್ನು ಗಲ್ಲಿಗೇರಿಸಲೆಂದೇ ಗ್ರನಾಡಾಕ್ಕೆ ಬಂದಿದ್ದರು. ಯೊವಾನ್ನರ ಬೇಡಿಕೆಗೆ ಕರಗಿ ಕ್ಷಮಿಸಿದರು. ಮುಂದೆ ಇಬ್ಬರೂ ಒಂದೇ ಮನೆಯಲ್ಲಿ ರೋಗಿಗಳ ಸೇವೆ ಮಾಡಿದರು.

ದೂರುಗಳೂ ಇದ್ದವು. ಸೋಮಾರಿಗಳನ್ನೂ ಕೆಟ್ಟ ನಡತೆಯವರನ್ನೂ ಯೊವಾನ್ನ ಸಾಕುತ್ತಿದ್ದಾನೆಂದು ಕೆಲವರು ಮಹಾಧರ್ಮಾಧ್ಯಕ್ಷರಾದ ಪೇದ್ರೊ ಗೆರ್ರೆರೊ ಅವರ ಕಿವಿಗೆ ಹಾಕಿದರು. ವಿಚಾರಿಸಿದಾಗ, ಆ ಮನೆಯಲ್ಲಿ ತನ್ನನ್ನು ಬಿಟ್ಟರೆ ಬೇರೆ ಕೆಟ್ಟವರನ್ನು ತಾನು ಕಾಣೆನೆಂದು ಯೊವಾನ್ನರು ವಿನಯದಿಂದ ಹೇಳಿದರು. ಮಹಾಧರ್ಮಾಧ್ಯಕ್ಷರು ಮತ್ತೇನೂ ಕೇಳಲಿಲ್ಲ.

1549ರ ಜುಲೈ 3ರಂದು ಅರಸರ ಆಸ್ಪತ್ರೆಗೆ ಬೆಂಕಿ ಬಿತ್ತು. ಜನ ಹೊರಗೆ ನಿಂತು ನೋಡುತ್ತಿದ್ದರು. ಯೊವಾನ್ನರು ಒಳಗೆ ನುಗ್ಗಿ ರೋಗಿಗಳನ್ನು ಹೊತ್ತು ತಂದರು. ಹಾಸಿಗೆ, ಕಂಬಳಿಗಳನ್ನು ಕಿಟಕಿಯಿಂದ ಹೊರಗೆ ಎಸೆದರು. ತನ್ನನ್ನು ಕಟ್ಟಿ ಹೊಡೆದ ಆಸ್ಪತ್ರೆ ಅದು ಎಂಬುದು ಅವರಿಗೆ ನೆನಪಿಲ್ಲದೆ ಇರಲಿಲ್ಲ. ಓದುಗರೇ, ಕ್ಷಮೆ ಎಂದರೆ ಏನೆಂದು ಯಾರಾದರೂ ಕೇಳಿದರೆ ಈ ಘಟನೆಯನ್ನು ನಿಮ್ಮ ಮಕ್ಕಳಿಗೆ ಹೇಳಿ.

ಅದಾದ ಕೆಲವು ತಿಂಗಳಲ್ಲಿ, ಹೆನಿಲ್ ನದಿಯ ಪ್ರವಾಹದಲ್ಲಿ ತೇಲಿ ಬಂದ ಸೌದೆಯನ್ನು ತಮ್ಮ ಬಡವರಿಗಾಗಿ ಹಿಡಿಯುತ್ತಿದ್ದಾಗ ಒಬ್ಬ ಹುಡುಗ ನೀರುಪಾಲಾದ. ಅವನನ್ನು ಉಳಿಸಲು ಯೊವಾನ್ನರು ತಣ್ಣೀರಿಗೆ ಇಳಿದರು. ಹುಡುಗ ಉಳಿಯಲಿಲ್ಲ, ಇವರು ಹಾಸಿಗೆ ಹಿಡಿದರು. ಕೊನೆಗಾಲದಲ್ಲಿ ತಮ್ಮ ಸಾಲದ ಪುಸ್ತಕವನ್ನು ಮಹಾಧರ್ಮಾಧ್ಯಕ್ಷರ ಕೈಗಿತ್ತರು. ಸಾಲವನ್ನೂ ಬಡವರನ್ನೂ ತಾನು ನೋಡಿಕೊಳ್ಳುವುದಾಗಿ ಅವರು ಮಾತು ಕೊಟ್ಟರು. 1550ರ ಮಾರ್ಚ್ 8ರಂದು, ಹಾಸಿಗೆಯಿಂದ ಎದ್ದು ಮೊಣಕಾಲೂರಿ ಶಿಲುಬೆಯನ್ನು ಹಿಡಿದ ಸ್ಥಿತಿಯಲ್ಲೇ ಪ್ರಾಣ ಬಿಟ್ಟರು.

ಅವರ ಸಂಗಡಿಗರ ಬಳಗ 1586ರಲ್ಲಿ ಧರ್ಮಸಭೆಯ ಒಂದು ಸನ್ಯಾಸ ಸಭೆಯಾಯಿತು. 1690ರಲ್ಲಿ ಯೊವಾನ್ನರಿಗೆ ಸಂತ ಪದವಿ ದೊರೆಯಿತು. ಈ ಸಭೆಯ ಸಹೋದರರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಅತಿಥಿಸೇವೆ ಎಂಬ ನಾಲ್ಕನೆಯ ವ್ರತವನ್ನೂ ತೊಡುತ್ತಾರೆ. ಇಂದು 50ಕ್ಕೂ ಹೆಚ್ಚು ದೇಶಗಳಲ್ಲಿ ಅವರ ಸೇವೆಯಿದೆ. ಮನೋರೋಗಿಗಳ ಮತ್ತು ಮನೆಯಿಲ್ಲದವರ ಆರೈಕೆ ಅದರಲ್ಲಿ ಮುಖ್ಯವಾದುದು. ನಮ್ಮ ನೆರೆಯ ಕೇರಳದ ಕಟ್ಟಪ್ಪನದಲ್ಲೂ ಅವರ ಆಸ್ಪತ್ರೆಯಿದೆ.

ಇನ್ನು ನಮ್ಮ ಮಾತು. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ಣವಾಗಿ ನಿಷೇಧಿಸಿದೆ. ಬೀದಿಯಲ್ಲಿ ಅಲೆಯುವ, ತನ್ನನ್ನು ತಾನೇ ನೋಡಿಕೊಳ್ಳಲಾಗದ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಅವರ ಮನೆಯವರನ್ನು ಹುಡುಕಲೂ ಬೇಕು. ಈ ವಿಷಯ ನಿಮಗೆ ತಿಳಿದಿದ್ದರೆ ಸಾಕು, ಒಂದು ಜೀವ ಉಳಿಯಬಹುದು. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಬರುವ ಭಾನುವಾರ ದೇವಾಲಯದ ಗೇಟಿನ ಬಳಿ ಆ ವ್ಯಕ್ತಿ ಮತ್ತೆ ಕಾಣಿಸಿದರೆ, ಒಂದು ಕ್ಷಣ ನಿಲ್ಲಿ. ಊಟವಾಯಿತೇ ಎಂದು ಕೇಳಿ, ಹೆಸರು ಕೇಳಿ. ಒಂದು ಲೋಟ ಬಿಸಿ ಚಹಾ ಕೊಡಿ. ಧರ್ಮಕೇಂದ್ರದ ಗುರುಗಳಿಗೋ ವಿನ್ಸೆಂಟ್ ಡಿ ಪಾಲ್ ಸಭೆಯವರಿಗೋ ತಿಳಿಸಿ. ಗ್ರನಾಡಾದ ಬೀದಿಯಲ್ಲಿ ಅಂದು ಇಬ್ಬರು ನಿಂತು ನೋಡಿದ್ದರಿಂದಲೇ ಯೊವಾನ್ನರು ಬದುಕಿದರು. ನಿಲ್ಲುವ ಮನಸ್ಸನ್ನು ಪ್ರಭು ನಮಗೂ ನಮ್ಮ ಮಕ್ಕಳಿಗೂ ಕೊಡಲಿ.