ಕೈ ಆಡಿಸಿದರೆ ಹಾಡುವ ಪೆಟ್ಟಿಗೆ: ಲಿಯೊನ್ ಥೆರೆಮಿನ್

ಆರ್ಡುಯಿನೊ ಕೈಗೆ ಬಂದ ಮೊದಲ ವಾರ ಎಲ್ಲರೂ ಎಲ್‌ಇಡಿ ಮಿನುಗಿಸ್ತಾರೆ. ಎರಡನೇ ವಾರ ಬಜರ್ ಸಿಗುತ್ತೆ, ಅಲ್ಲಿಗೆ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವರ ನಿದ್ದೆ ಹಾಳು. ಆಮೇಲೆ ಯಾರಾದರೂ ಒಬ್ಬರು ಅಲ್ಟ್ರಾಸಾನಿಕ್ ಸೆನ್ಸರ್ ತಂದು ಜೋಡಿಸಿ, ಕೈ ಹತ್ತಿರ ಬಂದರೆ ಸ್ವರ ಏರುವ ಹಾಗೆ ನಾಲ್ಕು ಸಾಲು ಕೋಡ್ ಬರೆದು, ನೋಡ್ರೋ ಥೆರೆಮಿನ್ ಅಂತ ತೋರಿಸ್ತಾರೆ. ಈ ಹೆಸರು ನಮ್ಮ ಬ್ಯಾಚಿನಲ್ಲಿ ತುಂಬಾ ಜನಕ್ಕೆ ಗೊತ್ತು. ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಗೊತ್ತಿರೋರು ಕಡಿಮೆ. ಆ ಮನುಷ್ಯನ ಕಥೆ ಕೇಳಿದರೆ ಸಿನಿಮಾ ಕಥೆ ಅನ್ನಿಸುತ್ತೆ, ಆದರೆ ನಡೆದಿದ್ದು.

ಹುಟ್ಟಿದಾಗ ಅವರ ಹೆಸರು ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಊರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್, ವರ್ಷ 1896. ಲಿಯೊನ್ ಥೆರೆಮಿನ್ ಅನ್ನೋದು ಆಮೇಲೆ ಪಶ್ಚಿಮದವರ ಬಾಯಲ್ಲಿ ಆದ ರೂಪ. ನಾವು ಮನುಷ್ಯನಿಗೆ ಟೆರ್ಮೆನ್, ವಾದ್ಯಕ್ಕೆ ಥೆರೆಮಿನ್ ಅಂತಲೇ ಬರೀತೀವಿ, ಇಲ್ಲದಿದ್ದರೆ ಗೊಂದಲ ಆಗುತ್ತೆ. ಹುಡುಗನಾಗಿದ್ದಾಗ ಚೆಲ್ಲೊ ಕಲಿತರು, ಜೊತೆಗೆ ಭೌತಶಾಸ್ತ್ರ ಓದಿದರು. ಕ್ರಾಂತಿ ಆದ ಮೇಲೆ ಪೆಟ್ರೊಗ್ರಾಡ್‌ನಲ್ಲಿ ಅಬ್ರಾಮ್ ಇಯೋಫೆ ಅನ್ನೋ ದೊಡ್ಡ ಭೌತವಿಜ್ಞಾನಿಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು.

1920ರಲ್ಲಿ ಅವರ ಕೆಲಸ ಅನಿಲಗಳ ಡೈಎಲೆಕ್ಟ್ರಿಕ್ ಗುಣ ಅಳೆಯೋದು. ಕೆಪಾಸಿಟರಿನ ಎರಡು ಪ್ಲೇಟುಗಳ ಮಧ್ಯೆ ಅನಿಲ ತುಂಬಿಸಿ, ಅದನ್ನ ಆಸಿಲೇಟರಿಗೆ ಜೋಡಿಸಿ, ಆಗೋ ಬದಲಾವಣೆಯನ್ನ ಹೆಡ್‌ಫೋನಿನಲ್ಲಿ ಸದ್ದಾಗಿ ಕೇಳೋ ವ್ಯವಸ್ಥೆ. ಆದರೆ ಅವರು ಕೈ ಹತ್ತಿರ ತಂದರೆ ಸಾಕು, ಸದ್ದು ಬದಲಾಗ್ತಿತ್ತು. ನಮ್ಮ ದೇಹವೂ ಒಂದು ಪ್ಲೇಟ್ ಇದ್ದ ಹಾಗೆ. ಕೈ ಹತ್ತಿರ ಬಂದಾಗ ಕೆಪಾಸಿಟೆನ್ಸ್ ಕೂದಲೆಳೆಯಷ್ಟು ಹೆಚ್ಚುತ್ತೆ. ನಮ್ಮ ಲ್ಯಾಬಿನಲ್ಲಾದರೆ ಇದನ್ನ ಎರರ್ ಅಂತ ರೆಕಾರ್ಡ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ಹೋಗ್ತೀವಿ. ಟೆರ್ಮೆನ್‌ಗೆ ಚೆಲ್ಲೊ ಗೊತ್ತಿತ್ತು. ಅವರು ಆ ಎರರ್‌ನಲ್ಲೇ ಒಂದು ರಾಗ ಹುಡುಕಿ ನುಡಿಸಿದರು.

ಇದರ ಒಳಗಿನ ಕೆಲಸ ಸ್ವಲ್ಪ ಹೇಳಲೇಬೇಕು. ತಂಬೂರಿ ಶ್ರುತಿ ಮಾಡೋದನ್ನ ಕೇಳಿದ್ದರೆ ನೆನಪಿಸಿಕೊಳ್ಳಿ: ಎರಡು ತಂತಿ ಒಂದಕ್ಕೊಂದು ಹತ್ತಿರ ಬಂದಾಗ ಸದ್ದು ಅಲೆ ಅಲೆಯಾಗಿ ಏಳುತ್ತೆ, ಬೀಳುತ್ತೆ. ಆ ಅಲೆಯ ವೇಗವೇ ಎರಡರ ವ್ಯತ್ಯಾಸ. ಥೆರೆಮಿನ್‌ನಲ್ಲಿ ಎರಡು ಆಸಿಲೇಟರ್‌ಗಳು ಲಕ್ಷಗಟ್ಟಲೆ ಹರ್ಟ್ಸ್‌ನಲ್ಲಿ ಓಡ್ತಿರುತ್ತವೆ. ಅದು ಯಾರ ಕಿವಿಗೂ ಕೇಳಲ್ಲ. ಒಂದು 3,00,000 ಹರ್ಟ್ಸ್‌ನಲ್ಲಿ ನಿಂತಿರಲಿ. ಆಂಟೆನಾಗೆ ಸೇರಿದ ಇನ್ನೊಂದು, ಕೈ ಹತ್ತಿರ ಬಂದಾಗ 2,99,560ಕ್ಕೆ ಇಳಿಯಲಿ. ಎರಡನ್ನೂ ಮಿಕ್ಸರಿಗೆ ಕೊಟ್ಟರೆ ವ್ಯತ್ಯಾಸ 440 ಹರ್ಟ್ಸ್, ಅದು ಕೇಳುತ್ತೆ. ಹೆಟೆರೊಡೈನ್ ಅಂತ ಸಿಲೆಬಸ್ಸಿನಲ್ಲಿ ಬರೋದು ಇದೇ. ಬಲಗೈ ನೆಟ್ಟಗಿನ ಆಂಟೆನಾ ಹತ್ತಿರ ಆಡಿ ಸ್ವರ ಏರಿಸಿ ಇಳಿಸುತ್ತೆ, ಎಡಗೈ ಬಳೆಯಂಥ ಇನ್ನೊಂದು ಆಂಟೆನಾ ಮೇಲೆ ಆಡಿ ಸದ್ದು ಜೋರು ಮಾಡುತ್ತೆ, ಕಡಿಮೆ ಮಾಡುತ್ತೆ. ಯಾವುದನ್ನೂ ಮುಟ್ಟೋ ಹಾಗಿಲ್ಲ.

ಮೈಕ್ರೊಕಂಟ್ರೋಲರ್ ಇರುವಾಗ ಎರಡು ಆಸಿಲೇಟರ್ ಯಾಕೆ, ಒಂದನ್ನೇ ನೇರವಾಗಿ ಎಣಿಸಿದರೆ ಸಾಲದಾ ಅಂತ ಹೊಸಬರು ಕೇಳ್ತಾರೆ. ಲೆಕ್ಕ ಹಾಕಿ ನೋಡಿ. 10 ಮಿಲಿಸೆಕೆಂಡು ಎಣಿಸಿದರೆ ಒಂದು ಎಣಿಕೆ ಅಂದರೆ 100 ಹರ್ಟ್ಸ್. ಅಂದರೆ ಸ್ವರ 440ರಿಂದ 540ಕ್ಕೆ ಮೆಟ್ಟಿಲು ಹಾರುತ್ತೆ, ಜಾರಲ್ಲ. ಹೆಚ್ಚು ಹೊತ್ತು ಎಣಿಸಿದರೆ ಕೈ ಆಡಿದ ಮೇಲೆ ಸ್ವರ ತಡವಾಗಿ ಬರುತ್ತೆ. ಅದೇ ಮೊದಲು ವ್ಯತ್ಯಾಸ ತೆಗೆದು, ಆ 440 ಹರ್ಟ್ಸ್‌ನ ಒಂದು ಆವರ್ತ ಎಷ್ಟು ಉದ್ದ ಅಂತ 16 ಮೆಗಾಹರ್ಟ್ಸ್ ಗಡಿಯಾರದಲ್ಲಿ ಅಳೆದರೆ 36,000ಕ್ಕೂ ಹೆಚ್ಚು ಎಣಿಕೆ ಸಿಗುತ್ತೆ, ಅತೀ ಸಣ್ಣ ಜಾರುವಿಕೆಯೂ ಗೊತ್ತಾಗುತ್ತೆ. ನೂರು ವರ್ಷದ ಹಿಂದಿನ ಉಪಾಯ ಇವತ್ತಿನ ಚಿಪ್ಪಿಗೂ ಬೇಕು ಅಂತ ಗೊತ್ತಾದಾಗ ನಮಗೆ ಈ ಮನುಷ್ಯನ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

ಕಥೆಗೆ ವಾಪಸ್ ಬರೋಣ. 1922ರ ಮಾರ್ಚಿನಲ್ಲಿ ಟೆರ್ಮೆನ್ ಕ್ರೆಮ್ಲಿನ್‌ಗೆ ಹೋಗಿ ಲೆನಿನ್ ಮುಂದೆ ನುಡಿಸಿದರು. ಲೆನಿನ್ ತಾವೂ ಗ್ಲಿಂಕಾ ಅವರ ಒಂದು ಹಾಡನ್ನ ಪ್ರಯತ್ನಿಸಿದರು, ಮೊದಲು ಟೆರ್ಮೆನ್ ಕೈ ಹಿಡಿದು ತೋರಿಸಿದರು, ಆಮೇಲೆ ಲೆನಿನ್ ಒಬ್ಬರೇ. ದೇಶಕ್ಕೆಲ್ಲ ಕರೆಂಟ್ ಕೊಡಬೇಕು ಅಂತ ಹೊರಟ ಸರ್ಕಾರಕ್ಕೆ ಇದಕ್ಕಿಂತ ಒಳ್ಳೇ ಜಾಹೀರಾತು ಬೇರೆ ಬೇಕಾ? ಟೆರ್ಮೆನ್ ಊರೂರು ಸುತ್ತಿದರು. 1927ರಲ್ಲಿ ಯೂರೋಪು, ಅದೇ ವರ್ಷದ ಕೊನೆಗೆ ಅಮೆರಿಕ. ಅಲ್ಲಿದ್ದ ಹತ್ತು ವರ್ಷವೂ ಅವರು ಸೋವಿಯತ್ ಗೂಢಚಾರ ಇಲಾಖೆಗೆ ಮಾಹಿತಿ ಕೊಡ್ತಿದ್ದರು ಅನ್ನೋದು ಎಷ್ಟೋ ಕಾಲದ ಮೇಲೆ ಹೊರಬಂತು.

1928ರಲ್ಲಿ ಪೇಟೆಂಟ್ ಸಿಕ್ಕಿತು. 1929ರಲ್ಲಿ ಆರ್‌ಸಿಎ ಕಂಪನಿ ಥೆರೆಮಿನ್ ತಯಾರಿಸಿ ಮಾರೋಕೆ ಶುರು ಮಾಡಿತು. ಗುನುಗೋಕೆ ಬಂದರೆ ಸಾಕು, ಯಾರು ಬೇಕಾದರೂ ನುಡಿಸಬಹುದು ಅನ್ನೋ ರೀತಿ ಪ್ರಚಾರ. ಅದು ಶುದ್ಧ ಸುಳ್ಳು ಅಂತ ಮುಟ್ಟದೇ ನುಡಿಸಿ ನೋಡಿದವರಿಗೆ ಗೊತ್ತು. ವೀಣೆಗೆ ಮೆಟ್ಟಿಲಿದೆ, ಪಿಟೀಲಿಗೆ ಕೊನೇಪಕ್ಷ ಬೆರಳಿಡೋಕೆ ತಂತಿ ಇದೆ. ಇದಕ್ಕೆ ಬರೀ ಗಾಳಿ. ಬೆರಳು ಸ್ವಲ್ಪ ನಡುಗಿದರೆ ಅಪಸ್ವರ. ಅದರ ಮೇಲೆ ಅಕ್ಟೋಬರಿನಲ್ಲಿ ಷೇರು ಮಾರುಕಟ್ಟೆ ಬೇರೆ ಕುಸಿಯಿತು. ಸುಮಾರು 500 ವಾದ್ಯ ಮಾಡಿ ಕಂಪನಿ ಕೈ ಬಿಟ್ಟಿತು.

ಇದನ್ನ ನಿಜವಾದ ವಾದ್ಯ ಮಾಡಿದ್ದು ಕ್ಲಾರಾ ರಾಕ್‌ಮೋರ್. ಪಿಟೀಲಿನಲ್ಲಿ ಬಾಲಪ್ರತಿಭೆ, ಕೈಯ ತೊಂದರೆಯಿಂದ ಪಿಟೀಲು ಬಿಡಬೇಕಾಯ್ತು. ಮುಟ್ಟದೇ ನುಡಿಸೋ ವಾದ್ಯ ಅವರಿಗೆ ಇನ್ನೊಂದು ಜನ್ಮ ಕೊಟ್ಟ ಹಾಗಾಯ್ತು. ಗಾಳಿಯಲ್ಲೇ ಬೆರಳು ಮಡಿಚಿ ಬಿಚ್ಚಿ ಸ್ವರಸ್ಥಾನ ಹಿಡಿಯೋ ಪದ್ಧತಿ ಅವರೇ ಕಂಡುಕೊಂಡರು, ವಾದ್ಯದಲ್ಲಿ ಏನೇನು ಬದಲಾಗಬೇಕು ಅಂತ ಟೆರ್ಮೆನ್‌ಗೆ ಹೇಳಿ ಮಾಡಿಸಿದರು, 1934ರಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಕಛೇರಿ ಕೊಟ್ಟರು. ಟೆರ್ಮೆನ್‌ಗೆ ಅವರ ಮೇಲೆ ಪ್ರೀತಿ. ಹುಟ್ಟುಹಬ್ಬಕ್ಕೆ, ಹತ್ತಿರ ಹೋದರೆ ತಾನೇ ತಿರುಗೋ ಕೇಕ್ ಮಾಡಿಕೊಟ್ಟರಂತೆ. ಎಂಜಿನಿಯರುಗಳು ಪ್ರಪೋಸ್ ಮಾಡೋ ರೀತಿ ಆಗಿಂದಲೂ ಇದೇ ಇರಬೇಕು. ಕ್ಲಾರಾ ಮದುವೆಯಾಗಿದ್ದು ಬೇರೆಯವರನ್ನ.

ಟೆರ್ಮೆನ್ ಲವಿನಿಯಾ ವಿಲಿಯಮ್ಸ್ ಅನ್ನೋ ಕಪ್ಪು ವರ್ಣದ ನರ್ತಕಿಯನ್ನ ಮದುವೆಯಾದರು. ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ವಿಷಯ ಅಲ್ಲ. ಕರೀತಿದ್ದ ಎಷ್ಟೋ ಮನೆಗಳ ಬಾಗಿಲು ಮುಚ್ಚಿದವು. 1938ರಲ್ಲಿ ಅವರು ಇದ್ದಕ್ಕಿದ್ದ ಹಾಗೆ ಸೋವಿಯತ್ ಹಡಗು ಹತ್ತಿ ಹೋದರು. ಎತ್ತಿಕೊಂಡು ಹೋದರು ಅಂತ ಬಹಳ ಕಾಲ ಜನ ನಂಬಿದ್ದರು. ತಲೆ ಮೇಲೆ ತುಂಬಾ ಸಾಲ ಇತ್ತು ಅನ್ನೋದಂತೂ ನಿಜ. ಗಂಡ ಹೆಂಡತಿ ಮತ್ತೆ ಯಾವತ್ತೂ ಭೇಟಿಯಾಗಲಿಲ್ಲ.

1939ರಲ್ಲಿ ಬಂಧನ, ಎಂಟು ವರ್ಷ ಶಿಕ್ಷೆ. ಮೊದಲು ಕೊಲಿಮಾದ ಕೊರೆಯೋ ಚಳಿಯ ಶಿಬಿರ. ಆಮೇಲೆ ಕೈದಿ ವಿಜ್ಞಾನಿಗಳನ್ನ ಕೂಡಿಹಾಕಿ ಕೆಲಸ ಮಾಡಿಸೋ ರಹಸ್ಯ ಪ್ರಯೋಗಾಲಯ. ವಿಮಾನದ ತುಪೊಲೆವ್, ರಾಕೆಟ್ಟಿನ ಕೊರೊಲೆವ್ ಕೂಡ ಅಂಥ ಕಡೆಯೇ ದುಡಿದವರು.

1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನ ಉಡುಗೊರೆ ಕೊಟ್ಟರು. ಅದು ರಾಯಭಾರಿಯ ಮನೆ ಗೋಡೆ ಮೇಲೆ ಏಳು ವರ್ಷ ಇತ್ತು. ಒಳಗೆ ಟೆರ್ಮೆನ್ ಮಾಡಿದ ಸಾಧನ: ಬ್ಯಾಟರಿ ಇಲ್ಲ, ವೈರ್ ಇಲ್ಲ, ಒಂದು ಲೋಹದ ಡಬ್ಬಿ, ತೆಳು ಪೊರೆ, ಒಂದು ಆಂಟೆನಾ. ಹೊರಗಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಜೀವ. ರೂಮಿನಲ್ಲಿ ಮಾತಾಡಿದರೆ ಪೊರೆ ಅದುರಿ ಕೆಪಾಸಿಟೆನ್ಸ್ ಕೂದಲೆಳೆಯಷ್ಟು ಬದಲಾಗುತ್ತೆ, ವಾಪಸ್ ಹೋಗೋ ಅಲೆಯಲ್ಲಿ ಆ ಮಾತು ಸೇರಿಕೊಳ್ಳುತ್ತೆ. ಗಮನಿಸಿದಿರಾ? 1920ರಲ್ಲಿ ಕೈ ಮಾಡಿದ್ದನ್ನೇ ಇಲ್ಲಿ ಮಾತು ಮಾಡಿತು. ಅದೇ ವಿದ್ಯೆ, ಅದೇ ತಲೆ. ಅಲ್ಲಿ ಸಂಗೀತ, ಇಲ್ಲಿ ಕದ್ದು ಕೇಳೋದು. ನಮ್ಮ ನಾಲ್ಕು ಜನರಲ್ಲಿ ಈ ಡಬ್ಬಿಯೇ ಅವರ ಅತಿ ದೊಡ್ಡ ಕೆಲಸ ಅನ್ನೋರೂ ಇದ್ದಾರೆ, ನೋಡಿದರೆ ಹೊಟ್ಟೆ ತೊಳಸುತ್ತೆ ಅನ್ನೋರೂ ಇದ್ದಾರೆ. ಈ ಲೇಖನ ಬರೆಯುವಾಗ ಜಗಳ ಮುಗಿಯಲೇ ಇಲ್ಲ. ಜೈಲಿನಲ್ಲಿರೋ ಮನುಷ್ಯ ಬೇಡ ಅನ್ನೋಕೆ ಆಗ್ತಿತ್ತಾ ಅನ್ನೋದೂ ಇದೆ. ಕಿಟಕಿ ಗಾಜಿನ ಕಂಪನದಿಂದ ಮಾತು ಕೇಳೋ ಇನ್ನೊಂದು ಸಾಧನವನ್ನೂ ಮಾಡಿದರು. 1947ರಲ್ಲಿ ಬಿಡುಗಡೆ ಆಯ್ತು, ಸ್ಟಾಲಿನ್ ಪ್ರಶಸ್ತಿಯೂ ಬಂತು. ಆದರೆ ಬಿಡುಗಡೆಯಾದ ಮೇಲೂ ಸುಮಾರು ಇಪ್ಪತ್ತು ವರ್ಷ ಅದೇ ಇಲಾಖೆಯ ಕೆಲಸ. ಅಮೆರಿಕದ ಗೆಳೆಯರು ಅವರು ಸತ್ತೇ ಹೋಗಿದ್ದಾರೆ ಅಂದುಕೊಂಡಿದ್ದರು.

ಅವರು ಹೀಗೆ ಮರೆಯಾಗಿದ್ದಾಗಲೇ, 1949ರ ಸುಮಾರಿಗೆ, ನ್ಯೂಯಾರ್ಕಿನಲ್ಲಿ ಬಾಬ್ ಮೂಗ್ ಅನ್ನೋ ಹದಿನಾಲ್ಕರ ಹುಡುಗ ಹವ್ಯಾಸಿಗಳ ಪತ್ರಿಕೆಯಲ್ಲಿ ಬಂದ ಸರ್ಕ್ಯೂಟ್ ನೋಡಿ ಮನೆಯಲ್ಲೇ ಥೆರೆಮಿನ್ ಕಟ್ಟಿದ. 1954ರಲ್ಲಿ ತಾನೇ ಅಂಥ ಪತ್ರಿಕೆಗೆ ಥೆರೆಮಿನ್ ಲೇಖನ ಬರೆದ. ಮುಂದೆ ಬಿಡಿಭಾಗಗಳ ಕಿಟ್ ಮಾಡಿ ಅಂಚೆಯಲ್ಲಿ ಮಾರಿದ, ಕೊಂಡವರು ತಾವೇ ಸೋಲ್ಡರ್ ಮಾಡಿಕೊಂಡರು. 1964ರಲ್ಲಿ ಬಂದ ಮೂಗ್ ಸಿಂಥಸೈಜರ್ ಇದೇ ದಾರಿಯಲ್ಲಿ ಹುಟ್ಟಿದ್ದು. ದೊಡ್ಡ ಕಂಪನಿ ಬಿಟ್ಟುಬಿಟ್ಟ, ದೇಶ ಬಚ್ಚಿಟ್ಟ ಮನುಷ್ಯನ ಹೆಸರನ್ನ ಉಳಿಸಿದವರು ಮನೆಯ ಬೇಸ್‌ಮೆಂಟಿನಲ್ಲಿ ಸೋಲ್ಡರಿಂಗ್ ಐರನ್ ಹಿಡಿದ ಇಂಥ ಹುಡುಗರು ಅಂತ ನಾವು ಹೇಳ್ತೀವಿ.

ಅರವತ್ತರ ದಶಕದಲ್ಲಿ ಟೆರ್ಮೆನ್ ಮಾಸ್ಕೋ ಕನ್ಸರ್ವೇಟರಿಯಲ್ಲಿ ಮತ್ತೆ ವಾದ್ಯ ಮಾಡೋಕೆ ಶುರು ಮಾಡಿದರು. 1967ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರೊಬ್ಬರು ಅವರನ್ನ ನೋಡಿ, ಬದುಕಿದ್ದಾರೆ ಅಂತ ಬರೆದರು. ಅದೇ ಮುಳುವಾಯ್ತು. ಕೆಲಸ ಹೋಯ್ತು, ಕಟ್ಟಿದ ವಾದ್ಯಗಳನ್ನ ಹೊರಗೆ ಹಾಕಿದರು. ಆಮೇಲೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಸಣ್ಣ ಕೆಲಸ.

1991ರಲ್ಲಿ, 95ನೇ ವಯಸ್ಸಿನಲ್ಲಿ, ಮತ್ತೆ ಅಮೆರಿಕಕ್ಕೆ ಹೋಗಿ ಕ್ಲಾರಾ ಅವರನ್ನ ಕಂಡರು. ಇಬ್ಬರೂ ನಡೀತಾ ಇರೋದು ಒಂದು ಸಾಕ್ಷ್ಯಚಿತ್ರದಲ್ಲಿದೆ. 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ತೀರಿಕೊಂಡರು. ಕೊನೇ ವರ್ಷಗಳಲ್ಲಿ ಅವರು ಸಂಬಂಧಿಕರ ಮನೆಯ ಹುಡುಗಿಯೊಬ್ಬಳಿಗೆ ಒಂಬತ್ತು ವರ್ಷದಿಂದಲೇ ಥೆರೆಮಿನ್ ಪಾಠ ಹೇಳಿಕೊಟ್ಟಿದ್ದರು. ಆಕೆಯ ಹೆಸರು ಲಿಡಿಯಾ ಕವಿನಾ. ರೆಕಾರ್ಡಿಂಗ್‌ಗಳು ಸುಲಭವಾಗಿ ಸಿಗುತ್ತವೆ, ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ಕೇಳಿ.